ತೊಳೆದಿಟ್ಟ ಮಂಚ

ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಫೋನ್ ಬಂತು. ನಾಲ್ಕು ಕಟ್ಟು ತಂದಿದ್ದೆ. ಎರಡು ಮುಗಿದಿತ್ತು, ಮೂರನೆಯದನ್ನು ಆಗಷ್ಟೇ ಬಿಚ್ಚಿದ್ದೆ. ಬೇರಿಗೆ ಹಸಿ ಮಣ್ಣು ಅಂಟಿತ್ತು. ಈ ಕಡೆ ಅಂಗಡಿಗಳಿಗೆ ಸೊಪ್ಪು ತೊಳೆದು ಒರೆಸಿ ಮದುಮಗಳ ಹಾಗೆ ಬರುತ್ತದೆ. ಮಣ್ಣಿರುವ ಮೆಂತ್ಯ ಸಿಕ್ಕರೆ ಅದೇ ಒಂದು ಪುಣ್ಯ. ಹೋದ ವಾರ ಮತ್ತೆ ಅಂಥದೇ ಮೆಂತ್ಯ ಸಿಕ್ಕಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಸಂಜೆ, ಆ ಫೋನು, ಕೆಳಗಿನ ಕೋಣೆಯ ಮಂಚ ಎಲ್ಲ ಎದುರಿಗೆ ಬಂದು ನಿಂತವು.

ಫೋನ್ ಮಾಡಿದ್ದು ನಮ್ಮ ಮನೆಯವರು. ಇಲ್ಲೇ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ಮಧ್ಯಾಹ್ನದ ಹೊತ್ತು ಅವರು ಫೋನ್ ಮಾಡುವುದು ಡಬ್ಬಿ ಮರೆತು ಹೋದಾಗ ಮಾತ್ರ.

“ಏನ್ ಮಾಡ್ಲಿಕತ್ತೀ?”

“ಮೆಂತ್ಯ ಬಿಡಸ್ಲಿಕತ್ತೀನ್ರಿ.”

“ಕೆಳಗಿನ ರೂಮಿನ ಮಂಚ ಹೋತು ನೋಡು. ಆನ್‌ಲೈನ್ ಹಾಕಿದ್ದೆ, ಗಿರಾಕಿ ಸಿಕ್ಕಾನ. ಸಂಜೀಮುಂದ ಬಂದು ಒಯ್ತಾನಂತ. ಹಾಸಿಗಿ ತಗದು ಇಟ್ಟಿರು.”

“ನನ್ನ ಒಂದ್ ಮಾತು ಕೇಳಬೇಕಿತ್ತಲ್ರೀ.”

“ಕೇಳೂದೇನದ ಇದ್ರಾಗ? ನಿಂದಂತೂ ಎಲ್ಲಾ ಮುಗೀತಲ್ಲ.”

ಒರಟಾಗಿ ಅನ್ನಲಿಲ್ಲ. ಹಾಲು ಮುಗೀತು, ಪೆಟ್ರೋಲ್ ಮುಗೀತು ಅನ್ನುವ ಹಾಗೆ ಅಂದರು. ಒರಟಾಗಿ ಅಂದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

ಪರದೇಶದ ಈ ಕಡಲ ದಂಡೆಯ ಊರು ಮುಕಿಲ್ಟಿಯೊದಲ್ಲಿ ನಮ್ಮ ಮನೆ ಇಳಿಜಾರಿನಲ್ಲಿದೆ. ಅಡುಗೆಮನೆ, ದೇವರಮನೆ, ಮಲಗುವ ಕೋಣೆಗಳು ಎಲ್ಲ ಮೇಲೆ. ಕೆಳಗೆ ಗರಾಜು, ಅದರ ಪಕ್ಕಕ್ಕೆ ಒಂದು ಸಣ್ಣ ಕೋಣೆ, ಒಂದು ಬಚ್ಚಲು. ಉತ್ತರಕ್ಕೆ ಒಂದು ಕಿಟಕಿ. ಎದುರಿನ ಎರಡು ಮನೆಗಳ ನಡುವಿನ ಸಂದಿಯಲ್ಲಿ ಒಂದು ಪಟ್ಟಿಯಷ್ಟು ನೀರು ಕಾಣುತ್ತದೆ. ಆಚೆ ದಡಕ್ಕೆ ಜನರನ್ನು ದಾಟಿಸುವ ಫೆರಿ ಹಡಗು ಹೋದರೆ ಆ ಸಂದಿಯಲ್ಲಿ ಒಂದು ಕ್ಷಣ ಬೆಳ್ಳಗೆ ಮೂಡಿ ಮಾಯವಾಗುತ್ತದೆ. ಮನೆ ನೋಡಲು ಬಂದ ದಿನವೇ ಇವರು ಆ ಕೋಣೆಯಲ್ಲಿ ನಿಂತು ನನಗೆ ಮಾತ್ರ ಕೇಳುವ ಹಾಗೆ ಅಂದಿದ್ದರು: “ಚೊಲೋ ಆತು. ಹೊರಗ ಕೂಡ್ಲಿಕ್ಕೆ ನಿನಗ ಬ್ಯಾರೆ ರೂಮೇ ಸಿಕ್ತು.” ಮನೆ ತೋರಿಸುತ್ತಿದ್ದ ಹೆಂಗಸು ಏನಂದಿರಿ ಅಂತ ಕೇಳಿದಳು. “ಗೆಸ್ಟ್ ರೂಮ್” ಅಂದರು.

ಮೂರು ದಿನ ಹೊರಗೆ ಕೂಡುವುದನ್ನು ಧಾರವಾಡದಲ್ಲೇ ಎಷ್ಟೋ ಮನೆಗಳು ಬಿಟ್ಟಿವೆ. ಇಲ್ಲಿಗೆ ಬಂದ ಮೇಲೆ ಬಿಗಿಯಾಗಿ ಹಿಡಿದುಕೊಂಡವರೂ ಇದ್ದಾರೆ. ನಾವು ಆ ಪೈಕಿ. ಮೊದಮೊದಲು ಆ ಕೋಣೆಯಲ್ಲಿ ಬಹಳ ಅತ್ತಿದ್ದೇನೆ. ಮೇಲೆ ಮಗಳು ಮೇಘನಾ ಪುಟ್ಟ ಕೂಸು, ಅಮ್ಮ ಎಲ್ಲಿ ಅಂತ ಮೆಟ್ಟಿಲ ಮೇಲೆ ನಿಂತು ಕರೆಯುವುದು. ಇವರು ಅನ್ನ ಸಾರು ಮಾಡಿ, ತಟ್ಟೆ ಬಾಗಿಲ ಹತ್ತಿರ ಇಟ್ಟು, “ಉಪ್ಪು ಕಡಿಮಿ ಆಗೇದೇನೋ ನೋಡು” ಅಂತ ಅಲ್ಲೇ ನಿಲ್ಲುವುದು. ಇಪ್ಪತ್ತು ವರ್ಷ ಆ ತಟ್ಟೆ ಒಂದು ತಿಂಗಳೂ ತಪ್ಪಲಿಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬರಬರುತ್ತ ಅಳು ನಿಂತಿತು. ಆ ಮೂರು ದಿನ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೀಲಿಕೈ ಎಲ್ಲಿ, ಕಾಲುಚೀಲ ಎಲ್ಲಿ, ಜೀರಿಗೆ ಯಾವ ಡಬ್ಬಿಯಲ್ಲಿ, ಯಾವುದೂ ಇಲ್ಲ. ಮಳೆ ಹನಿಯುವುದನ್ನು ನೋಡುತ್ತ ಬಿದ್ದುಕೊಂಡಿರುವುದು, ಮನಸ್ಸಿನಲ್ಲೇ ನಾಮ ಹೇಳುವುದು. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಹಾಸಿಗೆ ವಸ್ತ್ರ ಒಗೆದು, ಆ ಕಬ್ಬಿಣದ ಮಂಚವನ್ನು ತಲೆಯ ಕಡೆಯಿಂದ ಕಾಲಿನವರೆಗೆ ನೀರಿನಿಂದ ಒರೆಸಿ, ಮೇಲೆ ಬಂದು ಒಲೆ ಹಚ್ಚುವುದು. ನನ್ನ ಬಾಳಿನಲ್ಲಿ ರಜೆ ಅಂತ ಏನಾದರೂ ಇದ್ದರೆ ಅದು ಇದೇ. ಕೇಳಿದವರು ನಗಬಹುದು, ನಗಲಿ.

ಮೇಘನಾಗೆ ಈ ನಿಯಮ ಹಚ್ಚಲಿಲ್ಲ. ದೊಡ್ಡವಳಾದಾಗ ಇವರೇ ಅಂದರು, “ಸಾಲಿಗೆ ಹೋಗೂ ಹುಡುಗಿ, ಆಕಿಗೆಲ್ಲಾ ಯಾಕ?” ಅವಳನ್ನಾದರೂ ಬಿಟ್ಟರಲ್ಲ ಅಂತ ದೇವರಿಗೆ ಕೈ ಮುಗಿದೆ. ಆಮೇಲೆ ಒಂದು ದಿನ ಹೊಳೆಯಿತು, ಅವಳು ಅಡುಗೆಮನೆಗೂ ಬರುವುದಿಲ್ಲ, ದೇವರಮನೆಗೂ ಬರುವುದಿಲ್ಲ, ಅವಳನ್ನು ಎಲ್ಲಿಂದ ಅಂತ ಹೊರಗೆ ಹಾಕುವುದು?

ಇಷ್ಟೆಲ್ಲ ಕೆಟ್ಟದ್ದು ಶುರುವಾದದ್ದು ಮಂಚ ಹೋಗುವುದಕ್ಕೆ ಮುಂಚಿನ ವರ್ಷದ ಶ್ರಾವಣದಲ್ಲಿ. ಅಷ್ಟರಲ್ಲಿ ನನಗೆ ಐವತ್ತು ದಾಟಿತ್ತು. ಎರಡು ತಿಂಗಳು ಇಲ್ಲ, ಮೂರನೆಯ ತಿಂಗಳು ಎರಡು ಸಲ, ಹೀಗೆ ಒಂದು ವರ್ಷದಿಂದ ನಡೆದಿತ್ತು. ಶ್ರಾವಣದ ಮೊದಲನೆಯ ಸೋಮವಾರ ಹೊರಗಾದವಳಿಗೆ ನಿಲ್ಲಲೇ ಇಲ್ಲ. ಮೂರು ದಿನ ಆಯಿತು, ವಾರ ಆಯಿತು, ಎರಡನೆಯ ಶುಕ್ರವಾರ ಬಂತು. ಆಗಸ್ಟ್‌ನ ಬಿಸಿಲು, ಎಲ್ಲೋ ಕಾಡಿಗೆ ಬೆಂಕಿ ಬಿದ್ದು ಊರ ತುಂಬ ಹೊಗೆ, ಕಿಟಕಿ ತೆರೆಯುವ ಹಾಗಿಲ್ಲ. ಕೆಳಗೆ ನಾನು, ಮೇಲೆ ಇವರು. ಸಾರು ಮಾಡಿ ಮಾಡಿ ಅವರಿಗೂ ಸಾಕಾಗಿತ್ತು.

“ಇದೇನಿದು, ಮೂರು ದಿನದ್ದು ಹದಿನೈದು ದಿನ ಆಗ್ಲಿಕ್ಕೆ ಬಂತು?” ಅಂದರು, ನಾನೇ ಏನೋ ರಜೆ ಹೆಚ್ಚಿಗೆ ಬರೆದುಕೊಂಡವಳ ಹಾಗೆ.

ಆ ದಿನವೇ ಧಾರವಾಡದಲ್ಲಿರುವ ತಮ್ಮ ಅಕ್ಕನಿಗೆ ಫೋನ್ ಹಚ್ಚಿದರು. ಪದ್ಮಕ್ಕ ಅಂದರೆ ನಮ್ಮ ಮನೆತನದ ಶಾಸ್ತ್ರಕ್ಕೆಲ್ಲ ಅವರೇ. ಸ್ಪೀಕರ್ ಮೇಲೆ ಅವರ ದನಿ ಮೆಟ್ಟಿಲಿಳಿದು ನನ್ನ ಕೋಣೆಗೂ ಬಂತು.

“ಮೂರು ದಿನ ಆದ ಮ್ಯಾಲೆ ತಲಿಗೆ ಎರಕೊಂಡು ಒಳಗ ಬರ್ಲಿ. ಅಡಿಗಿ ಮಾಡಲಿ, ಅಡ್ಡಿಯಿಲ್ಲ. ದೇವರ ಕಡೆ ಮಾತ್ರ ಹೋಗೂದು ಬ್ಯಾಡ. ನೈವೇದ್ಯಕ್ಕ ಆಕಿ ಕೈದು ನಡಿಯೂದಿಲ್ಲ.”

“ಹಂಗಾದ್ರ ನಮಗ ನಡೀತದಲ್ಲ?”

“ನಿಮಗ ನಡೀತದೋ ಮಾರಾಯಾ, ಉಪವಾಸ ಸಾಯ್ತೀಯೇನು?”

ಇಬ್ಬರೂ ನಕ್ಕರು. ಮರುದಿನದಿಂದ ಹಾಗೇ ನಡೆಯಿತು. ದೇವರಿಗೆ ಹಾಲು ಸಕ್ಕರೆ, ಇವರಿಗೆ ನನ್ನ ಕೈಯ ಹುಳಿ, ಪಲ್ಯ, ಚಪಾತಿ. ಒಲೆಯ ಮುಂದೆ ನಿಂತರೆ ಕಾಲೊಳಗಿನ ಜೀವ ಇಳಿದು ಹೋದ ಹಾಗೆ ಆಗುತ್ತಿತ್ತು. ಆರು ಹೆಜ್ಜೆ ಆಚೆಗೆ ದೇವರಮನೆ, ಅಲ್ಲಿ ದೀಪ ಕಾಣುತ್ತಿತ್ತು, ಹೋಗುವ ಹಾಗಿಲ್ಲ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಅವನು ಹಾಲು ಕುಡಿದು ಸುಮ್ಮನಿದ್ದ. ಹುಳಿ ಬೇಕು ಅಂದವನು ಅವನಲ್ಲ.

ಶ್ರಾವಣ ಶುಕ್ರವಾರ ನಮ್ಮ ಕಡೆ ಮಕ್ಕಳಿಗೆ ಹೂರಣದ ಆರತಿ ಮಾಡುತ್ತಾರೆ. ಬೇಳೆಯ ಹೂರಣ ಅರೆದು, ಪುಟ್ಟ ಪುಟ್ಟ ಹಣತೆ ಮಾಡಿ, ತುಪ್ಪದ ಬತ್ತಿ ಇಟ್ಟು, ತಾಯಿ ಮಕ್ಕಳಿಗೆ ಬೆಳಗುವುದು. ಮೇಘನಾ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದರೂ ಒಂದು ಶುಕ್ರವಾರಕ್ಕಾದರೂ ಮನೆಗೆ ಬರುತ್ತಿದ್ದಳು. ಹೋಳಿಗೆಯ ಆಸೆಗೆ ಅಂತಲೇ ಇರಲಿ, ಬರುತ್ತಿದ್ದಳು. ಆ ವರ್ಷ ಮೂರನೆಯ ಶುಕ್ರವಾರಕ್ಕೆ ಬಂದು, ಬೂಟು ಬಿಚ್ಚಿ, ಮಣೆ ತಾನೇ ಹಾಕಿಕೊಂಡು ಕೂತಳು.

“ಅಮ್ಮಾ, ಕಮ್ ಆನ್. ಐ ಆಮ್ ಸ್ಟಾರ್ವಿಂಗ್.”

“ಈ ಸಲ ಇಲ್ಲ ಪುಟ್ಟಾ. ನಾ ಮಾಡೂ ಹಂಗಿಲ್ಲ.”

“ಸ್ಟಿಲ್?” ಅಂದಳು. ಅವಳ ಮುಖ ಬದಲಾಯಿತು. “ಅಮ್ಮಾ, ದಟ್ಸ್ ನಾಟ್ ಎ ರೂಲ್ ಪ್ರಾಬ್ಲಮ್. ದಟ್ಸ್ ಎ ಡಾಕ್ಟರ್ ಪ್ರಾಬ್ಲಮ್.”

ಅಷ್ಟು ದಿನ ನಾವು ಮೂರು ಜನ ದೊಡ್ಡವರು, ಅಕ್ಕ, ತಮ್ಮ, ನಾನು, ಎಷ್ಟನೆಯ ದಿನಕ್ಕೆ ಒಳಗೆ ಬರಬೇಕು ಅಂತ ಲೆಕ್ಕ ಹಾಕುತ್ತಿದ್ದೆವು. ಇಷ್ಟು ರಕ್ತ ಯಾಕೆ ಹೋಗುತ್ತಿದೆ ಅಂತ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೇಘನಾ ತಾನೇ ಡ್ರೈವ್ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೈಯಲ್ಲಿ ರಕ್ತ ಬಹಳ ಕಡಿಮೆಯಾಗಿದೆ ಅಂದರು. ಗರ್ಭಕೋಶದ ಒಳಗಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಇವರು ಆಫೀಸಿಗೆ ಹೋಗಲಿಲ್ಲ. ದೇವರ ಮುಂದೆ ಕೂತೇ ಇದ್ದರು, ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಏನೂ ಇಲ್ಲ ಅಂತ ಫೋನ್ ಬಂದಾಗ ನನಗಿಂತ ಮೊದಲು ಅವರೇ ಅತ್ತರು. ಇದನ್ನೂ ಬರೆದಿಡಬೇಕು. ಕಹಿ ಮಾತ್ರ ಬರೆದರೆ ದೇವರು ಮೆಚ್ಚುವುದಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ರಕ್ತ ನಿಂತಿತು. ನಿಂತದ್ದು ನಿಂತೇ ಹೋಯಿತು. ಅದರ ಬದಲಿಗೆ ಬೆಂಕಿ ಬಂತು.

ಈ ಊರಿನ ಚಳಿಗಾಲ ಗೊತ್ತಿದ್ದವರಿಗೆ ಗೊತ್ತು. ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಸಂಜೆ ಚಹಾದ ಹೊತ್ತಿಗೇ ಕತ್ತಲು. ಬಿಡದ ಜಿಟಿಜಿಟಿ. ಎಲ್ಲರೂ ಸ್ವೆಟರು, ಮೇಲೆ ಕೋಟು. ನನಗೆ ಮಾತ್ರ ಎದೆಯಿಂದ ಒಂದು ಉರಿ ಎದ್ದು ಕುತ್ತಿಗೆ, ಕಿವಿ, ತಲೆಯ ಬುಡಕ್ಕೆ ಏರುವುದು. ಬೆವರು ಹರಿದು ಕುಪ್ಪಸ ಒದ್ದೆಯಾಗುವುದು, ಆಮೇಲೆ ಅದೇ ಒದ್ದೆಗೆ ನಡುಕ. ರಾತ್ರಿ ಹೀಗೆ ನಾಲ್ಕಾರು ಸಲ ಎದ್ದರೆ ಬೆಳಿಗ್ಗೆ ಮನುಷ್ಯಳಾಗಿ ಏಳುವುದು ಹೇಗೆ? ಹೀಟರ್ ಕಡಿಮೆ ಮಾಡಿದರೆ ಇವರು ಶಾಲು ಸುತ್ತಿಕೊಂಡು ಬಂದು ಹೆಚ್ಚು ಮಾಡುವರು.

“ಮನೀನ ಫ್ರಿಜ್ ಮಾಡೀಯೇನು?”

“ನಂಗ ಉರೀಲಿಕತ್ತದ್ರೀ.”

“ನಂಗ ನಡುಗ್ಲಿಕತ್ತದ. ಇಬ್ಬರೊಳಗ ಯಾರರ ಒಬ್ಬರು ಸಾಯಬೇಕು ನೋಡು.” ನಗುತ್ತಲೇ ಅಂದರು. ಒಂದು ಪಾತ್ರೆಯ ಮುಚ್ಚಳ ನನ್ನ ಕೈಯಲ್ಲಿತ್ತು. ಅದನ್ನು ಸಿಂಕಿಗೆ ಎಸೆದ ಸದ್ದಿಗೆ ನಾನೇ ಬೆಚ್ಚಿದೆ. ಇಡೀ ಬಾಳಿನಲ್ಲಿ ನಾನು ಪಾತ್ರೆ ಎಸೆದವಳಲ್ಲ.

ಸಿಟ್ಟು ಹೋಗಲಿ, ತಡೆದುಕೊಳ್ಳಬಹುದು. ತಡೆಯಲಾಗದ್ದು ಇನ್ನೊಂದಾಯಿತು. ತಿಂಗಳಿಗೊಮ್ಮೆ ಮರ್ಸರ್ ಐಲ್ಯಾಂಡಿನಲ್ಲಿ ಜಯಶ್ರೀ ಅವರ ಮನೆಯಲ್ಲಿ ನಮ್ಮ ಹೆಂಗಸರ ಭಜನೆ. ಅವರು ಮೈಸೂರಿನವರು, ಮಾತು ಸಕ್ಕರೆ. ಡಿಸೆಂಬರಿನಲ್ಲಿ ಭಜನೆ ಮುಗಿದು ಸ್ತೋತ್ರ ಹೇಳುವುದು ಯಾವತ್ತಿನಂತೆ ನನ್ನ ಪಾಲಿಗೆ ಬಂತು. ಏಳು ವರ್ಷದವಳಿದ್ದಾಗಿಂದ ದಿನಾ ಹೇಳಿದ್ದು. ಅರ್ಧಕ್ಕೆ ಬಾಯಿ ನಿಂತಿತು. ಮುಂದಿನ ಸಾಲು ಇಲ್ಲ. ಇರುವ ಜಾಗದಲ್ಲಿ ಬರೀ ಬಿಳಿ. ಅದರ ಜೊತೆಗೆ ಉರಿಯೂ ಏರಿತು. ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದಾರೆ, ನಾನು ಬೆವರುತ್ತಿದ್ದೇನೆ. ಜಯಶ್ರೀ ಅವರೇ ಮೆಲ್ಲಗೆ ಆ ಸಾಲು ಎತ್ತಿಕೊಂಡರು. ಆಮೇಲೆ ಅಡುಗೆಮನೆಗೆ ಎಳೆದುಕೊಂಡು ಹೋಗಿ ಫ್ರೀಜರಿನ ಬಟಾಣಿ ಪೊಟ್ಟಣ ತೆಗೆದು ನನ್ನ ಕುತ್ತಿಗೆಗೆ ಒತ್ತಿ ಹಿಡಿದರು.

“ಹಾಟ್ ಫ್ಲ್ಯಾಶ್ ತಾನೇ? ನಂಗೂ ಆಗಿತ್ತು ಕಣ್ರೀ. ಡಾಕ್ಟರ್ ಹತ್ರ ಹಾರ್ಮೋನ್ ಪ್ಯಾಚ್ ಕೇಳಿ, ಹೊಟ್ಟೆ ಮೇಲೆ ಅಂಟಿಸ್ಕೊಂಡ್ರೆ ಆಯ್ತು. ಮತ್ತೆ ಬೇರೆ ಮಲಗಿ. ನಾನು ಕಿಟಕಿ ಹಾರು ಹೊಡೆದು ಮಲಗ್ತೀನಿ, ನಮ್ಮನೆಯವ್ರು ಆ ಕಡೆ ರೂಮಲ್ಲಿ ಗೊರಕೆ ಹೊಡ್ಕೊಂಡು ಹಾಯಾಗಿದಾರೆ.”

“ಬೇರೆ ಮಲಗಿದ್ರೆ ಏನಂದ್ಕೋತಾರೋ…”

“ಯಾರು? ಫೆರಿಯಲ್ಲಿ ಹೋಗೋರಾ?”

ಎಷ್ಟೋ ದಿನದ ಮೇಲೆ ನಕ್ಕೆ.

ಡಾಕ್ಟರು ಪ್ಯಾಚ್ ಕೊಟ್ಟರು. ಅರ್ಧ ಉರಿ ಆರಿತು. ಮಿಕ್ಕದ್ದಕ್ಕೆ ತಣ್ಣನೆಯ ಕೋಣೆಯಲ್ಲಿ ಮಲಗಿ ಅಂದರು. ತಣ್ಣನೆಯ ಕೋಣೆ ನಮ್ಮ ಮನೆಯಲ್ಲೇ ಇತ್ತು. ಮಂಚ ಇತ್ತು, ಹಾಸಿಗೆ ಇತ್ತು, ಉತ್ತರದ ಕಿಟಕಿ ಇತ್ತು. ಇಪ್ಪತ್ತು ವರ್ಷ ಹೋಗು ಹೋಗು ಅಂದ ಕೋಣೆ. ಆದರೆ ಅಲ್ಲಿಗೆ ಹೋಗಲು ಈಗ ನನ್ನ ಹತ್ತಿರ ಕಾರಣ ಇರಲಿಲ್ಲ. ಆ ಕೋಣೆ ಇದ್ದದ್ದು ಮೈಲಿಗೆಗೆ. ಮೈಲಿಗೆ ಹೋದ ಮೇಲೆ ನಾನು ಯಾರು?

ಜನವರಿಯಲ್ಲಿ ಒಮ್ಮೆ ಸಡಿಲವಾಗಿ ಕೇಳಿ ನೋಡಿದೆ. “ಚಳಿ ಮುಗಿಯೂ ತನಕ ನಾ ಕೆಳಗ ಮಲಗ್ಲೇನ್ರೀ?”

“ಛೆ, ಗರಾಜಿನ ಬಾಜೂಕ ಯಾಕ ಮಲಗತಿ ಸುಮ್ಮನ?” ಅಂದರು, ಅಕ್ಕರೆಯಿಂದಲೇ. ಅಲ್ಲಿಗೆ ಮುಗಿಯಿತು.

ಆಗ ನನಗೆ ಕಾರೇ ಗತಿಯಾಯಿತು. ಸಾಮಾನು ತರುವ ನೆಪ ಮಾಡಿ ಫೆರಿ ಕಟ್ಟೆಯ ಹತ್ತಿರ ಹೋಗಿ, ನಾಲ್ಕೂ ಕಿಟಕಿ ಇಳಿಸಿ ಕೂತಿರುತ್ತಿದ್ದೆ. ನೀರಿನ ಮೇಲಿಂದ ಬರುವ ಗಾಳಿ ಮುಖಕ್ಕೆ ಹೊಡೆಯುವುದು. ಮರೆತ ಸಾಲುಗಳನ್ನು ಅಲ್ಲಿ ಕೂತು ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ, ಒಂದನೇ ಇಯತ್ತೆಯ ಮಗುವಿನ ಹಾಗೆ. ಕೆಲವು ದಿನ ಸಾಲು ಬರುತ್ತಿತ್ತು, ಕೆಲವು ದಿನ ಅಳು ಬರುತ್ತಿತ್ತು. ನಾನು ಡ್ರೈವಿಂಗ್ ಕಲಿತದ್ದು ಒಂದು ಪುಣ್ಯ ಅಂತ ಆ ಚಳಿಗಾಲದಲ್ಲಿ ಎಷ್ಟು ಸಲ ಅಂದುಕೊಂಡೆನೋ.

ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಟರು, ವರ್ಷ ತುಂಬಿತು, ಇನ್ನು ಬರುವುದಿಲ್ಲ ಅಂದರು. ಮನೆಗೆ ಬಂದು ಹೇಳಿದ ತಕ್ಷಣ ಇವರು ಪದ್ಮಕ್ಕನಿಗೆ ಫೋನ್ ಮಾಡಿದರು. “ಪುಣ್ಯವಂತಿ ನೀ. ಇನ್ನ ಸದಾ ಮಡಿ” ಅಂದರು ಪದ್ಮಕ್ಕ. ಜಯಶ್ರೀಯವರಿಗೂ ತಿಳಿಯಿತು. “ಸುಮಾ ಅವ್ರೇ, ನವರಾತ್ರಿ ಒಂಬತ್ತು ದಿನದ ನೈವೇದ್ಯ ಈ ಸಲ ನಿಮ್ದೇ. ಉಳಿದೋರ್ಗೆಲ್ಲಾ ಯಾವಾಗ ಏನಾಗತ್ತೋ ಹೇಳಕ್ಕಾಗಲ್ಲ, ನಿಮ್ಗಾದ್ರೆ ಯೋಚ್ನೆ ಇಲ್ಲ.” ಬೇಡ ಅನ್ನಲಾಗಲಿಲ್ಲ. ಬೇಡ ಅನ್ನಲು ಮನಸ್ಸೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಆರು ಹೆಜ್ಜೆ ದೂರದಿಂದ ದೀಪ ನೋಡಿದವಳಿಗೆ ದೇವಿಯ ನೈವೇದ್ಯ ಅಂದರೆ ಕಡಿಮೆಯೇ?

ಒಂಬತ್ತು ದಿನ ಮಡಿಯುಟ್ಟು, ನೈವೇದ್ಯ ಆಗುವ ತನಕ ಬಾಯಿಗೆ ನೀರು ಹಾಕದೆ, ಒಲೆಯ ಮುಂದೆ ಉರಿಯ ಮೇಲೆ ಉರಿ ಅನುಭವಿಸಿದೆ. ಎಲ್ಲರೂ ಹೊಗಳಿದರು. ವಿಜಯದಶಮಿಯ ಮಧ್ಯಾಹ್ನ ಪಾತ್ರೆ ಬೋರಲು ಹಾಕಿ, ಯಾರಿಗೂ ಹೇಳದೆ ಕೆಳಗಿಳಿದು, ಕಿಟಕಿ ತೆರೆದು, ಆ ಮಂಚದ ಮೇಲೆ ಬಿದ್ದುಕೊಂಡೆ. ಒದ್ದೆ ಸೀಡರ್ ಮರದ ವಾಸನೆ ಬರುತ್ತಿತ್ತು. ಕಣ್ಣು ಹತ್ತಿತ್ತೋ ಏನೋ, ಬಾಗಿಲಲ್ಲಿ ಇವರು ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

“ಇಲ್ಯಾಕ ಮಲಗೀದಿ? ಮತ್ತೇನರ ಶುರು ಆತೇನು?”

“ಇಲ್ರೀ. ಸುಮ್ಮನ ಮಲಗೀನಿ.”

“ಸುಮ್ಮನ ಅಂದ್ರ?”

ಸುಮ್ಮನೆ ಮಲಗುವವರು ಆ ಕೋಣೆಯಲ್ಲಿ ಅಲ್ಲಿಯ ತನಕ ಯಾರೂ ಇರಲಿಲ್ಲ. ಎದ್ದು ಕೂತೆ. ಈ ಸಲ ಸಡಿಲ ಬಿಡಲಿಲ್ಲ.

“ಈ ರೂಮ್ ನಂಗ ಬೇಕ್ರೀ. ದಿನಾ. ಇಲ್ಲೇ ಮಲಗತೀನಿ.”

ಅವರು ತೆರೆದ ಕಿಟಕಿಯ ಕಡೆ ನೋಡಿದರು. ಆಮೇಲೆ, “ನಾ ಏನ್ ತಪ್ಪು ಮಾಡೀನಂತ ಬ್ಯಾರೆ ಮಲಗತಿ?” ಅಂದರು. “ಅಕ್ಕ ನಾಳೆ ವೀಡಿಯೊದಾಗ ನೋಡಿದ್ರ ಏನಂತಾಳ? ಮೇಘನಾ ಏನ್ ತಿಳಕೋತಾಳ? ಮೂರು ದಿನ ಹೊರಗ ಕೂಡು ಅಂದ್ರ ಅದಕ್ಕೊಂದು ಅರ್ಥ ಅದ. ಇದಕ್ಕೇನರ್ಥ?”

“ಮೈ ಉರೀತದ್ರೀ. ನಿದ್ದಿ ಬೇಕು. ಅಷ್ಟೇ ಅರ್ಥ.”

“ಮೆನೋಪಾಸ್ ಎಲ್ಲಾರಿಗೂ ಆಗ್ತದ ಸುಮಾ” ಅಂದು ಮೇಲೆ ಹೋದರು. ಅವರಿಗೆ ನೋವಾಗಿತ್ತು. ನಾನು ರಕ್ತ ಹೋಗುತ್ತ ಆ ಕೋಣೆಯಲ್ಲಿ ಮಲಗಿದ್ದಾಗ ಆಗದ ನೋವು, ನಾನಾಗಿ ಮಲಗುತ್ತೇನೆ ಅಂದಾಗ ಆಯಿತು. ಆ ರಾತ್ರಿಯಿಂದ ಹೀಟರಿನ ಮಾತು ಎತ್ತಲಿಲ್ಲ, ಕೋಣೆಯ ಮಾತೂ ಎತ್ತಲಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಬೇಕಾಗಿದೆ, ಒಂದು ದೊಡ್ಡ ಟೇಬಲ್ ಬೇಕು ಅಂತ ಮಾತ್ರ ಒಂದೆರಡು ಸಲ ಅಂದದ್ದು ಕಿವಿಗೆ ಬಿದ್ದಿತ್ತು. ಆಮೇಲೆ ದೀಪಾವಳಿಗೆ ವಾರವಿದ್ದಾಗ, ನಾನು ಮೂರನೆಯ ಕಟ್ಟು ಮೆಂತ್ಯ ಬಿಚ್ಚಿದ್ದಾಗ, ಆ ಫೋನು.

ಹಾಸಿಗೆ ತೆಗೆದು ಮಡಿಸಿ ಗೋಡೆಗೆ ಒರಗಿಸಿದೆ. ಮೇಘನಾಗೆ ಫೋನ್ ಮಾಡಿ ಹೇಳಿದೆ. “ಅಮ್ಮಾ, ಜಸ್ಟ್ ಟೆಲ್ ಹಿಮ್ ನೋ” ಅಂದಳು. ಹೇಳಿದ್ದೇನೆ ಪುಟ್ಟಾ, ಅಂದೆ. “ಐ ಆಮ್ ಸಾರಿ, ಅಮ್ಮಾ” ಅಂದಳು. ಅಷ್ಟಾದರೂ ಅಂದಳಲ್ಲ.

ಸಂಜೆ ಮಳೆಯಲ್ಲೇ ಒಬ್ಬ ಹುಡುಗ ಪಿಕಪ್ ತಂದ. ಹಗ್ಗ, ಪ್ಲಾಸ್ಟಿಕ್ ಹೊದಿಕೆ ಎಲ್ಲ ತಂದಿದ್ದ, ಒಳ್ಳೆಯವನು. ಇವರೂ ಅವನೂ ತಲೆಯ ಕಡೆ ಹಿಡಿದರು, ನಾನು ಕಾಲ ಕಡೆ ಹಿಡಿದೆ. ದೀಪದ ಕೆಳಗೆ ಬಂದಾಗ ಅವನು ಕಂಬಿಗಳ ಮೇಲೆ ಕೈಯಾಡಿಸಿ, ಒಂದು ಚೂರೂ ತುಕ್ಕಿಲ್ಲವಲ್ಲ, ಹೊಸದರ ಹಾಗಿದೆ ಅಂದ.

“ಗೆಸ್ಟ್ ಬೆಡ್” ಅಂದರು ಇವರು. “ಹಾರ್ಡ್ಲಿ ಯೂಸ್ಡ್.”

“ಐ ವಾಶ್ಡ್ ಇಟ್” ಅಂದೆ. ನನ್ನ ಇಂಗ್ಲಿಷು ಹೀಗೇ ಒಡೆದೊಡೆದು ಬರುತ್ತದೆ. “ಎವ್ರಿ ಮಂತ್. ಟ್ವೆಂಟಿ ಇಯರ್ಸ್.”

ಹುಡುಗನಿಗೆ ಏನೂ ತಿಳಿಯಲಿಲ್ಲ. ವಾವ್ ಅಂದ. ಇವರಿಗೆ ತಿಳಿಯಿತು. ಮಂಚದ ಆ ತುದಿಯಿಂದ ನನ್ನ ಮುಖ ನೋಡಿದರು. ಮೂವರೂ ಎತ್ತಿ ಗಾಡಿಗೆ ಏರಿಸಿದೆವು.

ಗಾಡಿ ಇಳಿಜಾರಿಳಿದು ಹೋದ ಮೇಲೆ ಇವರು ಕಾರ್ಪೆಟ್ ನೋಡುತ್ತ ನಿಂತರು. ಮಂಚದ ನಾಲ್ಕು ಕಾಲು ಇದ್ದಲ್ಲಿ ನಾಲ್ಕು ಗುಳಿ. “ವ್ಯಾಕ್ಯೂಮ್ ಮಾಡಿದ್ರ ಹೋಗ್ತಾವೇನು ಇವು?” ಅಂತ ಮೆಲ್ಲಗೆ ಕೇಳಿದರು. ಒಂದೊಂದು ಗುಳಿಯಲ್ಲಿ ಐಸ್ ತುಂಡು ಇಟ್ಟರೆ, ಕರಗಿದ ನೀರಿಗೆ ಎಳೆಗಳು ತಾವೇ ಏಳುತ್ತವೆ. ನನಗೆ ಗೊತ್ತಿತ್ತು.

“ಹೋಗೂದಿಲ್ರೀ” ಅಂದೆ.

ಉತ್ತರದ ಕಿಟಕಿಯನ್ನು ಪೂರ್ತಿ ತೆರೆದಿಟ್ಟೆ. ಅವರು ಮುಚ್ಚಲಿಲ್ಲ. ಮೇಲೆ ಬಂದರೆ ಬಿಡಿಸಿದ ಸೊಪ್ಪು ಆಗಲೇ ಬಾಡತೊಡಗಿತ್ತು. ಕೈ ತೊಳೆದುಕೊಂಡು, ಮೂರನೆಯ ಕಟ್ಟು ಮುಗಿಸಿ, ನಾಲ್ಕನೆಯದನ್ನು ಬಿಚ್ಚಿ, ಬೇರು ಮುರಿಯತೊಡಗಿದೆ.